ಇನ್ವರ್ಟರ್ ಬ್ಯಾಟರಿ ಅರ್ಧ ಗಂಟೆಗೇ ಇಳಿದುಹೋಗುತ್ತಿದ್ದರೆ
ಮೂರು ಗಂಟೆ ಬರುತ್ತಿದ್ದ ಟ್ಯೂಬುಲರ್ ಬ್ಯಾಟರಿ ಈಗ ಅರ್ಧ ಗಂಟೆಗೇ ಕೈಕೊಡುತ್ತಿದೆ, ನೀರಿನ ಮಟ್ಟ ತೋರಿಸುವ ಫ್ಲೋಟ್‌ಗಳೂ ಕೆಳಗಿಳಿದಿವೆ ಅಂದಿದ್ದೀರಿ. ಹಾಗಿದ್ದರೆ ನೀರು ಕಡಿಮೆಯಾಗಿರುವುದೇ ಕಾರಣ ಇರಬೇಕು. ಒಳಗಿನ ಆರು ಸೆಲ್‌ಗಳಲ್ಲಿ (ಬೇರೆ ಬೇರೆ ಖಾನೆಗಳಲ್ಲಿ) ಒಂದು ಹೋಗಿರಲೂಬಹುದು. ಅಳೆದು ನೋಡದೆ ಖಚಿತವಾಗಿ ಹೇಳಲು ಆಗುವುದಿಲ್ಲ.

ಮೊದಲು ಇನ್ವರ್ಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕಿಟಕಿ ತೆರೆಯಿರಿ. ಹತ್ತಿರ ದೀಪ, ಊದುಬತ್ತಿ ಬೇಡ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಗುರುತಿನವರೆಗೆ ತುಂಬಿಸುವುದು ಪೂರ್ತಿ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಬರುತ್ತದೆ. ಬೋರ್‌ವೆಲ್ ನೀರು, ಫಿಲ್ಟರ್ ನೀರು ಬೇಡವೇ ಬೇಡ. ಯಾರು ಹೇಳಿದರೂ ಆಸಿಡ್ ಹಾಕಬೇಡಿ. ಆರಿಹೋಗುವುದು ನೀರು, ಆಸಿಡ್ ಅಲ್ಲ.

ನೀರು ಬೆರೆಯಲು ಮತ್ತೆ ಒಂದೆರಡು ಗಂಟೆ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ ನೋಡಿ. ಮನೆಯ ಟ್ಯೂಬುಲರ್‌ಗಳಲ್ಲಿ ಸಾಮಾನ್ಯವಾಗಿ 1240ರ ಹತ್ತಿರ ಇರಬೇಕು. ಐದು ಸರಿಯಿದ್ದು ಒಂದು ಮಾತ್ರ 1180ಕ್ಕೆ ನಿಂತರೆ ಆ ಸೆಲ್ ಹೋಗಿದೆ ಅಂತಲೇ ಲೆಕ್ಕ; ವಾರಂಟಿ ಕಾರ್ಡ್ ಹುಡುಕಿಡಿ. ಆರೂ ಒಂದೇ ಸಮ ಕಡಿಮೆಯಿದ್ದರೆ ಟರ್ಮಿನಲ್ ಉಜ್ಜಿ ಬಿಗಿ ಮಾಡಿ, ಒಂದು ದಿನ ಲೋಡ್ ಇಲ್ಲದೆ ಚಾರ್ಜಿಗೆ ಬಿಟ್ಟು ಮತ್ತೆ ಅಳೆಯಿರಿ.