ಅಪ್ಪನ ವಿಮಾನನೂ ಬೀಳುತ್ತಾ?

ಪ್ರಶ್ನೆ: ವಿಮಾನ ಅಪಘಾತವಾದ ದಿನ ನಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೂ ಟಿವಿ ಓಡುತ್ತಿತ್ತು. ಆರು ವರ್ಷದ ಮಗಳು ಅಲ್ಲೇ ಆಡಿಕೊಂಡಿದ್ದಳು. ಅಂದಿನಿಂದ ಒಬ್ಬಳೇ ಮಲಗುತ್ತಿಲ್ಲ. ಎರಡು ಸಲ ಹಾಸಿಗೆ ಒದ್ದೆ ಮಾಡಿಕೊಂಡಿದ್ದಾಳೆ. ನನ್ನ ಯಜಮಾನರು ಕೆಲಸದ ಮೇಲೆ ಆಗಾಗ ವಿಮಾನದಲ್ಲಿ ಓಡಾಡುತ್ತಾರೆ. ‘ಅಪ್ಪನ ವಿಮಾನನೂ ಬೀಳುತ್ತಾ?’ ಅಂತ ಕೇಳುತ್ತಾಳೆ. ‘ಛೇ, ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸುತ್ತೇನೆ. ಹತ್ತು ದಿನವಾಯಿತು. ಏನು ಮಾಡಲಿ?

ಉತ್ತರ: ಟಿವಿ ಹಾಕಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಅಂಥ ದಿನ ಯಾರಿಗೆ ತಾನೇ ಆರಿಸಲು ಮನಸ್ಸು ಬರುತ್ತದೆ? ಆದರೆ ಇನ್ನು ಅವಳೆದುರು ಆ ಸುದ್ದಿ ಬೇಡ. ಆಡುತ್ತಿರುವ ಮಗುವಿನ ಕಿವಿ ನಮ್ಮ ಕಡೆಗೇ ಇರುತ್ತದೆ. ಅದೇ ದೃಶ್ಯ ಇಪ್ಪತ್ತು ಸಲ ಬಂದರೂ ನಮಗೆ ಅದು ಒಂದೇ ಅಪಘಾತ. ಪುಟ್ಟ ಮಕ್ಕಳಿಗೆ ಇಪ್ಪತ್ತು ವಿಮಾನ ಬಿದ್ದ ಹಾಗೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಾದ ವಾರ ದೇಶದಾದ್ಯಂತ ಒಂದು ಸಮೀಕ್ಷೆ ನಡೆಯಿತು. ನೂರರಲ್ಲಿ 35 ಮಕ್ಕಳು ನಿದ್ದೆ ಬಾರದಿರುವುದು, ಕೆಟ್ಟ ಕನಸು, ಸಿಡುಕು ಅಂತ ಯಾವುದಾದರೂ ಒಂದು ತೊಂದರೆ ಅನುಭವಿಸುತ್ತಿದ್ದರು. ದಾಳಿ ನಡೆದ ಊರುಗಳಿಂದ ಬಹಳ ದೂರದಲ್ಲಿದ್ದ ಮಕ್ಕಳೂ ಅವರಲ್ಲಿದ್ದರು. ನಿಮ್ಮ ಮಗಳಿಗೆ ಆಗುತ್ತಿರುವುದು ವಿಚಿತ್ರವೇನಲ್ಲ.

ಅವಳ ಪ್ರಶ್ನೆಯನ್ನು ಮಾತ್ರ ತಡೆಯಬೇಡಿ. ಮಾತು ನಿಂತರೂ ಭಯ ಒಳಗೇ ಇರುತ್ತದೆ ಅಲ್ವಾ? ರಾತ್ರಿ ದೀಪ ಆರಿಸಿ ಪಕ್ಕದಲ್ಲಿ ಮಲಗಿದಾಗ ಕೇಳಿ: ‘ಆ ವಿಮಾನಕ್ಕೆ ಏನಾಯ್ತು ಅಂತ ನಿಂಗೆ ಗೊತ್ತಾ ಪುಟ್ಟಿ?’ ಕತ್ತಲಲ್ಲಿ, ಮುಖ ನೋಡದೆ, ಮಕ್ಕಳ ಬಾಯಿ ಬೇಗ ಬಿಚ್ಚುತ್ತದೆ. ಕೇಳಿದ ಮೇಲೆ ಸುಮ್ನೆ ಕಾಯಿರಿ. ಅವಳ ತಲೆಯಲ್ಲಿರುವುದು ನೀವು ಊಹಿಸಿದ್ದೇ ಆಗಿರಬೇಕಿಲ್ಲ. ತಾನು ಹಠ ಮಾಡಿದರೆ ಅಪ್ಪನಿಗೆ ಏನಾದರೂ ಆಗಿಬಿಡುತ್ತದೆ ಎಂದು ನಂಬುವ ವಯಸ್ಸು ಇದು. ಹಾಗಿದ್ದರೆ, ‘ನಿನ್ನಿಂದ ಏನೂ ಆಗಲ್ಲ’ ಎಂದು ಬಾಯಿಬಿಟ್ಟು ಹೇಳಿ.

‘ಅಪ್ಪನಿಗೆ ಏನೂ ಆಗಲ್ಲ, ಆಣೆ’ ಎನ್ನಬೇಡಿ. ಅದು ನಮ್ಮ ಕೈಯಲ್ಲಿಲ್ಲ. ‘ವಿಮಾನ ಬೀಳೋದು ತುಂಬಾ ತುಂಬಾ ಅಪರೂಪ. ಅದಕ್ಕೇ ಒಂದು ಬಿದ್ದರೆ ಎಲ್ಲಾ ಟಿವಿಯಲ್ಲೂ ಬರುತ್ತೆ. ದಿನಾ ಸಾವಿರಾರು ವಿಮಾನ ಹೋಗಿ ಇಳಿಯುತ್ತವೆ, ಅದನ್ನ ಯಾರೂ ತೋರಿಸಲ್ಲ’ ಎನ್ನಿ. ಇದು ನಿಜ, ಅವಳಿಗೆ ಅರ್ಥವೂ ಆಗುತ್ತದೆ. ಸತ್ತವರನ್ನು ‘ಮಲಗಿಬಿಟ್ಟರು’ ಎನ್ನಬೇಡಿ. ಮೊದಲೇ ಅವಳು ನಿದ್ದೆಗೆ ಹೆದರಿದ್ದಾಳೆ. ‘ಸತ್ತು ಹೋದರು’ ಎಂದೇ ಹೇಳಿ.

ಹಾಸಿಗೆ ಒದ್ದೆಯಾದರೆ ಬೈಗುಳ ಬೇಡ, ಬಟ್ಟೆ ಬದಲಿಸಿ ಮಲಗಿಸಿ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ, ಅಥವಾ ಈಗಲೇ ಜಾಸ್ತಿಯಾಗುತ್ತಿದ್ದರೆ, ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಯಜಮಾನರಿಗೂ ಒಂದು ಮಾತು ಹೇಳಿ. ವಿಮಾನ ಇಳಿದು ಫೋನ್ ಆನ್ ಮಾಡಿದ ಕೂಡಲೇ ಮೊದಲ ಕರೆ ಮಗಳಿಗೇ ಬರಲಿ. ‘ಇಳಿದೆ ಪುಟ್ಟಿ’ ಎಂದರೆ ಸಾಕು. ಮುಂದಿನ ಸಲ ಅವರು ಹೊರಟಾಗ ಅವಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ. ಬೇಸರ ಮಾಡಿಕೊಳ್ಳದೆ ಅದೇ ಉತ್ತರ ಕೊಡಿ.