ಅನ್ನ ಬಿಡಬೇಡಿ, ಎಣ್ಣೆ ಕ್ಯಾನಿನ ಮೇಲೆ ತಾರೀಖು ಬರೆಯಿರಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನನಗೆ 42 ವರ್ಷ, ಎತ್ತರ 158 ಸೆಂಟಿಮೀಟರ್. ಹೋದ ವರ್ಷ ಅನ್ನ, ಮುದ್ದೆ ಎಲ್ಲ ಬಿಟ್ಟು ಹತ್ತು ದಿನ ಬರೀ ಸೂಪು, ಸೌತೆಕಾಯಿ, ಜ್ಯೂಸಿನಲ್ಲಿ ಇದ್ದೆ. 69 ಕೆಜಿ ಇದ್ದವಳು 65ಕ್ಕೆ ಇಳಿದೆ. ಎರಡೇ ತಿಂಗಳಲ್ಲಿ 71 ಆಯಿತು. ನನಗೆ ಮನೋಬಲ ಇಲ್ಲ ಅನ್ನುತ್ತಾರೆ ನಮ್ಮ ಮನೆಯವರು. ಅನ್ನ ಪೂರ್ತಿ ಬಿಡು ಅನ್ನುತ್ತಾರೆ ಪಕ್ಕದ ಮನೆಯವರು, ಮುದ್ದೆ ಉಂಡರೆ ಸಾಕು ಅನ್ನುತ್ತಾರೆ ಅತ್ತೆ. ನನಗೆ ಮೊಣಕಾಲು ನೋವು. ಬೆಳಗಿನಿಂದ ರಾತ್ರಿವರೆಗೆ ಮನೆಕೆಲಸ ಮಾಡುತ್ತೇನೆ, ಅದೇ ವ್ಯಾಯಾಮ ಅಲ್ವಾ? ನಮ್ಮ ಮನೆಯವರಿಗೂ ಸಕ್ಕರೆ ಅಂಚಿನಲ್ಲಿದೆ ಎಂದಿದ್ದಾರೆ ಡಾಕ್ಟರು. ಈಗ ಹದಿಮೂರು ವರ್ಷದ ಮಗಳೂ ನನ್ನನ್ನು ನೋಡಿ ಬೆಳಗಿನ ತಿಂಡಿ ಬಿಡುತ್ತಿದ್ದಾಳೆ. ಏನು ಮಾಡಲಿ?
— ಒಬ್ಬ ಓದುಗಿ, ತಿಪಟೂರು

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಹತ್ತು ದಿನಗಳ ಲೆಕ್ಕ ನೋಡೋಣ. ನಿಮ್ಮ ಮೇಲೆ ಬಿದ್ದಿರುವ 'ಮನೋಬಲ ಇಲ್ಲ' ಅನ್ನುವ ಮಾತು ಸುಳ್ಳು ಅನ್ನುವುದು ಆ ಲೆಕ್ಕದಲ್ಲೇ ಗೊತ್ತಾಗುತ್ತದೆ.

ನಮ್ಮ ಮೈಯಲ್ಲಿರುವ ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ನಾಲ್ಕು ಕೆಜಿಗೆ 30,800. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 3,080. ಜಾಸ್ತಿ ಓಡಾಟವಿಲ್ಲದ ಹೆಂಗಸಿಗೆ ದಿನಕ್ಕೆ ಬೇಕಾಗುವುದು 1,660 ಕ್ಯಾಲೊರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಲೆಕ್ಕ ಹಾಕಿದೆ. ಅದು 55 ಕೆಜಿ ತೂಕದವರ ಲೆಕ್ಕ, ನಿಮಗೆ ಸ್ವಲ್ಪ ಜಾಸ್ತಿ ಇರಬಹುದು. ಹಾಗಿದ್ದರೂ, ಹತ್ತು ದಿನ ಒಂದು ತೊಟ್ಟು ನೀರನ್ನು ಬಿಟ್ಟು ಬೇರೇನೂ ಮುಟ್ಟದೆ ಇದ್ದರೂ ನಾಲ್ಕು ಕೆಜಿ ಕೊಬ್ಬು ಕರಗುವುದು ಸಾಧ್ಯವಿರಲಿಲ್ಲ.

ಹಾಗಾದರೆ ಇಳಿದದ್ದು ಏನು? ಹೆಚ್ಚಿನ ಪಾಲು ನೀರು. ಊಟದಿಂದ ಬಂದ ಸಕ್ಕರೆಯಲ್ಲಿ ಸ್ವಲ್ಪವನ್ನು ದೇಹವು ಲಿವರ್‌ನಲ್ಲಿ, ಸ್ನಾಯುಗಳಲ್ಲಿ ದಾಸ್ತಾನು ಮಾಡಿ ಇಟ್ಟಿರುತ್ತದೆ. ಆ ದಾಸ್ತಾನಿನ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಮುದ್ದೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ದಾಸ್ತಾನು ಖಾಲಿ, ನೀರೂ ಹೊರಗೆ. ತೂಕದ ಯಂತ್ರಕ್ಕೆ ನೀರು ಯಾವುದು ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಮತ್ತೆ ಊಟ ಶುರು ಮಾಡಿದ ಕೂಡಲೇ ಆ ನೀರು ವಾಪಸ್ ಬಂದಿದೆ. ಅದು ನಿಮ್ಮ ತಪ್ಪಲ್ಲ.

ಉಳಿದ ಎರಡು ಕೆಜಿ ಏಕೆ ಏರಿತು ಅನ್ನುವುದಕ್ಕೂ ಒಂದು ಹಳೆಯ ಕಥೆ ಇದೆ. 1944-45ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೆಲ್ಲ ತಾವಾಗಿಯೇ ಒಪ್ಪಿ ಬಂದವರು, ಮನಸ್ಸು ಗಟ್ಟಿ ಇದ್ದವರು. ಕೆಲವು ವಾರಗಳಲ್ಲಿ ಅವರ ತಲೆಯಲ್ಲಿ ಊಟದ ಯೋಚನೆ ಬಿಟ್ಟು ಬೇರೆ ಉಳಿಯಲಿಲ್ಲ. ಅಡುಗೆ ಪುಸ್ತಕ ಕೂಡಿಸಿಟ್ಟುಕೊಂಡು ಓದುತ್ತಾ ಕೂತರು. ಪ್ರಯೋಗ ಮುಗಿದ ಮೇಲೆ ಎಷ್ಟು ಉಂಡರೂ ಹಸಿವು ತೀರಲಿಲ್ಲ. ದೇಹಕ್ಕೆ ಡಯಟ್ಟು ಬೇರೆ, ಬರಗಾಲ ಬೇರೆ ಅನ್ನುವ ವ್ಯತ್ಯಾಸ ಗೊತ್ತಿಲ್ಲ. ಹಸಿವಿಗೆ ಇಟ್ಟಷ್ಟೂ ಅದು ಇನ್ನಷ್ಟು ಬೇಡುತ್ತದೆ, ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸಾಲದ್ದಕ್ಕೆ ಸ್ನಾಯುವನ್ನೂ ಕರಗಿಸುತ್ತದೆ. ಹೋದದ್ದರಲ್ಲಿ ಸ್ನಾಯುವೂ ಇತ್ತು, ನೀರಿನ ಜೊತೆಗೆ ಮೇಲೆ ಏರಿದ್ದು ಹೆಚ್ಚಾಗಿ ಕೊಬ್ಬು. ದಯವಿಟ್ಟು ಈ ಪ್ಯಾರಾವನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಈಗ ನಿಮ್ಮ ನಿಜವಾದ ಪರಿಸ್ಥಿತಿ. ನಿಮ್ಮ ಎತ್ತರಕ್ಕೆ 71 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಅಂಕಿ) 28.4. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಯುರೋಪಿನವರಿಗೆ ಈ ಅಂಕಿಗಳು 25 ಮತ್ತು 30. ನಮಗೆ ಯಾಕೆ ಕಡಿಮೆ ಅಂದರೆ, ಅಷ್ಟೇ ತೂಕದಲ್ಲಿ ನಮ್ಮವರಿಗೆ ಸ್ನಾಯು ಕಡಿಮೆ, ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ. ಅದಕ್ಕೇ ತೂಕದ ಯಂತ್ರಕ್ಕಿಂತ ಟೈಲರ್ ಟೇಪು ನಿಮಗೆ ಜಾಸ್ತಿ ಉಪಯೋಗ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ನಿಮ್ಮ ಮನೆಯವರ ಸೊಂಟವನ್ನೂ ಅಳೆಯಿರಿ.

ಇಷ್ಟೆಲ್ಲ ಓದಿ, ಬಿಎಂಐ 23ರ ಒಳಗೆ ಬರೋಕೆ 57 ಕೆಜಿಗೆ ಇಳಿಯಬೇಕು ಎಂದು ಹೊರಡಬೇಡಿ. ಮೊದಲ ಗುರಿ ಮೂರೂವರೆ ಕೆಜಿ ಇರಲಿ, ಅಂದರೆ ಈಗಿನ ತೂಕದ ನೂರರಲ್ಲಿ ಐದು ಪಾಲು. ಅಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡ, ಮೊಣಕಾಲು ಎಲ್ಲಕ್ಕೂ ಗುಣ ಕಾಣುತ್ತದೆ. ನಾಲ್ಕರಿಂದ ಆರು ತಿಂಗಳು ತಗೊಳ್ಳಿ. ಅದಕ್ಕೆ ಮುಂಚೆ ಒಂದು ಸಲ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದ ಹೆಂಗಸರು ಇದನ್ನು ಮುಂದೂಡುತ್ತಲೇ ಇರುತ್ತಾರೆ.

ಅನ್ನದ ವಿಷಯ. ನಿಮಗೆ ಫೋನ್ ಮಾಡಿದಾಗ ನಾನು ಅನ್ನದ ಬಗ್ಗೆ ಕೇಳಲೇ ಇಲ್ಲ, ನೆನಪಿದೆಯಾ? ಎಣ್ಣೆ ಎಷ್ಟು ದಿನ ಬರುತ್ತೆ ಎಂದು ಕೇಳಿದೆ. ಐದು ಲೀಟರಿನ ಕ್ಯಾನು 25 ದಿನಕ್ಕೆ ಮುಗಿಯುತ್ತೆ, ನಾಲ್ಕು ಜನ ಎಂದಿರಿ. ನಾನು ಅಲ್ಲೇ ಲೆಕ್ಕ ಹಾಕಿದೆ. ಐದು ಲೀಟರ್ ಅಂದರೆ ಸುಮಾರು 4,550 ಗ್ರಾಂ. ಒಬ್ಬೊಬ್ಬರಿಗೆ ದಿನಕ್ಕೆ 45 ಗ್ರಾಂ ಆಯಿತು. ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ನಿಮ್ಮ ಮನೆಯಲ್ಲಿ ತಲೆಗೆ 18 ಗ್ರಾಂ ಜಾಸ್ತಿ. ಗ್ರಾಂಗೆ 9 ಕ್ಯಾಲೊರಿಯಂತೆ ದಿನಕ್ಕೆ 160 ಕ್ಯಾಲೊರಿ. ಅದರ ಮೇಲೆ ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿರಿ. ಒಟ್ಟು 40 ಗ್ರಾಂ. ಒಂದೊಂದು ಚಮಚಕ್ಕೆ ಇಳಿಸಿದರೆ 80 ಕ್ಯಾಲೊರಿ ಉಳಿತಾಯ.

ಎರಡೂ ಸೇರಿ 240. ತಿಂಗಳಿಗೆ 7,200. ಹತ್ತಿರ ಹತ್ತಿರ ಒಂದು ಕೆಜಿ ಕೊಬ್ಬು, ಒಂದು ಅಗುಳು ಅನ್ನವನ್ನೂ ಬಿಡದೆ! ಪ್ರತಿ ತಿಂಗಳೂ ಇದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ತೂಕ ಕಡಿಮೆಯಾದ ಹಾಗೆ ದೇಹದ ಖರ್ಚೂ ಕಡಿಮೆಯಾಗುತ್ತೆ. ಆದರೆ ಶುರು ಮಾಡುವುದಕ್ಕೆ ಇದಕ್ಕಿಂತ ಸುಲಭದ ಜಾಗ ಬೇರೆ ಇಲ್ಲ.

ನಮ್ಮ ಮನೆಯಲ್ಲೂ ಒಂದು ವಾರ ಹೀಗೆ ಅಳೆದೆವು. ಬೆಳಿಗ್ಗೆ ಒಂದು ಸ್ಟೀಲ್ ಲೋಟಕ್ಕೆ ಆ ದಿನದ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ, ಒಲೆ ಪಕ್ಕ ಇಟ್ಟು, ಅದರಿಂದಲೇ ಒಗ್ಗರಣೆ, ಅದರಿಂದಲೇ ದೋಸೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಲೋಟದ ತಳ ಕಂಡಿತು. ಚಿತ್ರಾನ್ನದ ಒಗ್ಗರಣೆಯೊಂದೇ ಅರ್ಧ ಲೋಟ ಕುಡಿದಿತ್ತು. ಐದನೇ ದಿನ ರಾತ್ರಿ ಲೋಟದಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಸಾಸಿವೆ ಸಿಡಿಯೋಕೆ ಒಂದು ಚಮಚ ಸಾಕು ಅನ್ನುವುದು ಕೈಗೆ ಗೊತ್ತಾಗಿತ್ತು.

ನಿಮ್ಮೂರು ಕೊಬ್ಬರಿಯ ಊರು. ಕಾಯಿ ಇಲ್ಲದ ಸಾರು ನಿಮ್ಮಲ್ಲಿ ಸಾರೇ ಅಲ್ಲ, ಗೊತ್ತು. ಬಿಡಬೇಡಿ. ಆದರೆ ಒಣಕೊಬ್ಬರಿಯ ನೂರು ಗ್ರಾಂನಲ್ಲಿ 60 ಗ್ರಾಂಗೂ ಜಾಸ್ತಿ ಎಣ್ಣೆಯೇ ಇದೆ. ಕೊಬ್ಬರಿ ರುಬ್ಬಿದ ದಿನ ಪಲ್ಯಕ್ಕೆ ಎಣ್ಣೆ ಕಡಿಮೆ ಹಾಕಿ. ಸುಮ್ನೆ ಬೆಲ್ಲದ ಜೊತೆ ಬಾಯಾಡಿಸುವ ಕೊಬ್ಬರಿ ಚೂರಿನ ಮೇಲೂ ಗಮನ ಇರಲಿ.

ಮುದ್ದೆಯ ಬಗ್ಗೆ ಅತ್ತೆಯವರು ಹೇಳಿದ್ದು ಅರ್ಧ ಸರಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸವೇನಲ್ಲ. ಆದರೆ ರಾಗಿಯಲ್ಲಿ ನಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಒಳಗೆ. ಮುದ್ದೆ ಉಂಡರೆ ಹೊಟ್ಟೆ ಬೇಗ ತುಂಬುತ್ತೆ, ಹಸಿವು ತಡವಾಗಿ ಬರುತ್ತೆ. ಹಾಗೆಂದು ಎರಡು ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ರಾಗಿ ಏನು ಮಾಡೀತು? ಬೆಲ್ಲ, ಜೇನುತುಪ್ಪದ ಕಥೆಯೂ ಇದೇ. ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲ ಸಕ್ಕರೆಯ ಸ್ವಂತ ತಂಗಿ.

ಜಾಸ್ತಿ ಆಗಬೇಕಾದದ್ದು ಕಾಳು ಮತ್ತು ಸೊಪ್ಪು ತರಕಾರಿ. ಅದೇ ಮಾರ್ಗಸೂಚಿಯಲ್ಲಿ ಬೇಳೆಕಾಳು ದಿನಕ್ಕೆ 85 ಗ್ರಾಂ, ತರಕಾರಿ 400 ಗ್ರಾಂ ಎಂದಿದೆ. ನಮ್ಮ ತಟ್ಟೆಗಳಲ್ಲಿ ತಿಳಿಸಾರು ಸೌಟುಗಟ್ಟಲೆ ಬೀಳುತ್ತೆ, ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತೆ. ಆದರೆ ನಿಮ್ಮ ಕಡೆಯ ಬಸ್ಸಾರನ್ನು ನೋಡಿ. ಹುರುಳಿಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಬೆಂದ ಕಾಳು ಸೊಪ್ಪನ್ನೇ ಪಲ್ಯ ಮಾಡುತ್ತೀರಿ. ಒಂದು ಚಿಕ್ಕ ಮುದ್ದೆ, ಬಸ್ಸಾರು, ತಟ್ಟೆಯ ಅರ್ಧ ಭಾಗ ಆ ಪಲ್ಯ, ಒಂದು ಲೋಟ ಮಜ್ಜಿಗೆ. ಯಾವ ಡಯಟ್ ತಜ್ಞರೂ ಇದಕ್ಕಿಂತ ಒಳ್ಳೆಯ ಊಟ ಬರೆದುಕೊಡಲಾರರು. ಹೆಸರುಬೇಳೆ ಕೋಸಂಬರಿ ಹಬ್ಬಕ್ಕೆ ಮಾತ್ರ ಯಾಕೆ? ಸಂಜೆ ಐದಕ್ಕೆ ಮಿಕ್ಸ್‌ಚರ್ ಡಬ್ಬ ತೆಗೆಯುವ ಹೊತ್ತಿಗೆ ಅದನ್ನು ಮಾಡಿಡಿ.

ಇನ್ನೊಂದು ಮಾತು ನೀವು ಫೋನಿನಲ್ಲಿ ಹೇಳಿದಿರಿ, ಪತ್ರದಲ್ಲಿ ಬರೆದಿರಲಿಲ್ಲ. ಎಲ್ಲರದೂ ಆದ ಮೇಲೆ ನೀವು ಊಟಕ್ಕೆ ಕೂರುತ್ತೀರಿ, ಉಳಿದದ್ದನ್ನು ಬಿಸಾಡೋಕೆ ಮನಸ್ಸು ಬರದೆ ನೀವೇ ಮುಗಿಸುತ್ತೀರಿ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು. ತಟ್ಟೆಯನ್ನೂ ಹಾಕಿಕೊಳ್ಳುತ್ತಿರಲಿಲ್ಲ, ಪಾತ್ರೆಯಲ್ಲೇ ಅನ್ನ ಕಲಸಿಕೊಂಡು, ಒಲೆ ಮುಂದೆ ಕೂತು. ಪಲ್ಯ ಅಷ್ಟೊತ್ತಿಗೆ ಖಾಲಿ. ಅನ್ನ, ತಿಳಿಸಾರು, ಮಕ್ಕಳು ಬಿಟ್ಟ ಅರ್ಧ ಚಪಾತಿ. ಅಮ್ಮ ಎಷ್ಟು ಉಂಡಳು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಐವತ್ತಕ್ಕೆ ಸಕ್ಕರೆ ಬಂತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ನೀವು ಮನೆಯವರ ಜೊತೆಯಲ್ಲೇ ಕೂರಿ. ನಿಮ್ಮದೇ ತಟ್ಟೆ ಹಾಕಿಕೊಳ್ಳಿ, ಪಲ್ಯ ಮೊದಲು ಬಡಿಸಿಕೊಳ್ಳಿ. ಅಕ್ಕಿಯನ್ನು ಪಾವಿನಲ್ಲಿ ಅಳೆದು ಇಡಿ. ಮೂರು ದಿನ ಸತತ ಅನ್ನ ಉಳಿದರೆ ನಾಲ್ಕನೇ ದಿನ ಒಂದು ಹಿಡಿ ಕಡಿಮೆ ಮಾಡಿ. ಉಳಿದದ್ದು ಫ್ರಿಜ್‌ಗೆ ಹೋಗಲಿ, ನಿಮ್ಮ ಹೊಟ್ಟೆಗಲ್ಲ.

ಮನೆಕೆಲಸ ವ್ಯಾಯಾಮ ಅಲ್ವಾ ಎಂದು ಕೇಳಿದ್ದೀರಿ. ಅದು ದುಡಿಮೆ, ಅದರ ದಣಿವು ನಿಜ. ನಮ್ಮ ಅಜ್ಜಿಯಂದಿರು ರಾಗಿ ಬೀಸಿದ್ದು, ನೀರು ಸೇದಿದ್ದು ವ್ಯಾಯಾಮವೇ ಆಗಿತ್ತು. ಈಗ ಮಿಕ್ಸಿ, ನಲ್ಲಿ, ವಾಷಿಂಗ್ ಮಷಿನ್ ಬಂದಿವೆ. ಗಂಟೆಗಟ್ಟಲೆ ನಿಂತು ಕಾಲು ಸೋಲುತ್ತದೆ, ಎದೆಬಡಿತ ಏರುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಓಡಾಟ, ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಸಾಕು. ಮೊಣಕಾಲು ನೋವಿರುವುದರಿಂದ ಊಟವಾದ ಮೇಲೆ ಹತ್ತು ಹತ್ತು ನಿಮಿಷದಿಂದ ಶುರು ಮಾಡಿ, ಸಮತಟ್ಟಾದ ರಸ್ತೆಯಲ್ಲಿ, ಒಳ್ಳೆಯ ಶೂ ಹಾಕಿಕೊಂಡು. ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಹತ್ತು ಸಲ. ಗೋಡೆಗೆ ಕೈಕೊಟ್ಟು ತಳ್ಳುವುದು, ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ಭಾರ ಇಳಿಯುತ್ತದೆ. ನೋವು ಜಾಸ್ತಿಯಾದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಆ ನಡಿಗೆಗೆ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಸಕ್ಕರೆ ಅಂಚಿನಲ್ಲಿದ್ದ ಜನರನ್ನು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ದಿನಾ ನಡೆದವರಲ್ಲಿ 39 ಜನರಿಗೆ. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಯಂತ್ರದ ಮುಳ್ಳು ಅಲ್ಲಾಡದಿದ್ದರೂ ಒಳಗೆ ಒಳ್ಳೆಯದು ನಡೆಯುತ್ತಿತ್ತು. ಎರಡು ವಾರ ತೂಕ ಇಳಿಯಲಿಲ್ಲ ಎಂದು ನೀವು ಬೇಜಾರಾದಾಗ ಇದನ್ನು ನೆನಪಿಸಿಕೊಳ್ಳಿ.

ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆಯೂ ಫೋನಿನಲ್ಲಿ ಕೇಳಿದಿರಿ. ಅವು ಕೆಲಸ ಮಾಡುತ್ತವೆ, ಕೆಲವರಿಗೆ ಬೇಕೂ ಬೇಕು. ಆದರೆ ಡಾಕ್ಟರು ನೋಡಿ ಬರೆದುಕೊಡಬೇಕಾದ ಔಷಧ ಅದು, ಗೆಳತಿ ತಗೊಂಡಳು ಎಂದು ತಗೊಳ್ಳುವುದಲ್ಲ. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ವಾಪಸ್ ಬರುತ್ತದೆ.

ಇನ್ನು ಮಗಳು. ಹದಿಮೂರು ಅಂದರೆ ಎತ್ತರ ಬೆಳೆಯುವ, ಮೂಳೆ ಗಟ್ಟಿಯಾಗುವ, ಮುಟ್ಟು ಶುರುವಾಗಿ ಕಬ್ಬಿಣಾಂಶ ಜಾಸ್ತಿ ಬೇಕಾಗುವ ವಯಸ್ಸು. ತಿಂಡಿ ಬಿಟ್ಟು ಹೋದರೆ ಹತ್ತೂವರೆಗೆ ತರಗತಿಯಲ್ಲಿ ತಲೆ ಸುತ್ತುತ್ತದೆ, ಸಂಜೆ ಬಂದವಳೇ ಬೇಕರಿ ತಿಂಡಿಗೆ ಕೈ ಹಾಕುತ್ತಾಳೆ. ನೀವು ಅವಳಿಗೆ ಬುದ್ಧಿ ಹೇಳಬೇಡಿ. ಅವಳು ನಿಮ್ಮ ಮಾತು ಕೇಳಿ ತಿಂಡಿ ಬಿಟ್ಟವಳಲ್ಲ, ನಿಮ್ಮನ್ನು ನೋಡಿ ಬಿಟ್ಟವಳು. ಕನ್ನಡಿ ಮುಂದೆ ನಿಂತು 'ಎಷ್ಟು ದಪ್ಪ ಆಗಿದ್ದೀನಿ' ಅನ್ನುವುದನ್ನು ಅವಳೆದುರು ನಿಲ್ಲಿಸಿ. ಅವಳ ತೂಕದ ಮಾತು ಮನೆಯಲ್ಲಿ ಯಾರೂ ಎತ್ತದಿರಲಿ, ಅತ್ತೆಯವರೂ ಸೇರಿ. ಬೆಳಿಗ್ಗೆ ಅವಳ ಪಕ್ಕ ಕೂತು ನೀವೂ ಎರಡು ಇಡ್ಲಿ ತಿನ್ನಿ. ಇಷ್ಟಾದ ಮೇಲೂ ಊಟ ತಿಂಡಿಯಿಂದ ತಪ್ಪಿಸಿಕೊಳ್ಳುತ್ತಿದ್ದರೆ, ಮುಟ್ಟು ನಿಂತರೆ, ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮ್ಮೊಬ್ಬರಿಗೆ ಬೇರೆ ಅಡುಗೆ ಬೇಡ. ನಿಮ್ಮ ತೂಕ, ಮನೆಯವರ ಸಕ್ಕರೆ ಎರಡೂ ಒಂದೇ ಒಲೆಯಿಂದ ಬಂದದ್ದು, ಆ ಒಲೆಯಲ್ಲೇ ಸರಿಹೋಗಬೇಕು. ಮುಂದಿನ ಸಲ ಎಣ್ಣೆ ಕ್ಯಾನು ಒಡೆಯುವಾಗ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯಿರಿ. ಬರೆಯುವ ಕೆಲಸ ಮಗಳಿಗೇ ಕೊಡಿ, ಲೆಕ್ಕ ಅವಳು ಇಡಲಿ. ನಾಲ್ಕು ಜನರಿಗೆ ಐದು ಲೀಟರ್ 40 ದಿನ ದಾಟಿ ಬಂದ ದಿನ ನನಗೆ ಒಂದು ಕಾರ್ಡು ಹಾಕಿ. ಕಾಯುತ್ತಿರುತ್ತೇನೆ.