ಆಮದು ಕಾರಿಗೆ ಡ್ಯಾಶ್‌ಕ್ಯಾಮ್, ಎಕ್ಸ್‌ಟ್ರಾ ಲೈಟ್, ಫ್ರಿಜ್ ಹಾಕಿಸಬೇಕು. ಕಲಬುರಗಿಯಲ್ಲೇ ವೈರಿಂಗ್ ಮಾಡಿಸಬಹುದಾ?

ಮಾಡಿಸಬಹುದು. ಇಷ್ಟಕ್ಕೆ ಹೈದರಾಬಾದ್‌ಗೆ ಹೋಗಬೇಕಿಲ್ಲ. ಆದರೆ ನೀವು ಬರೆದಿರೋ ಒಂದು ಸಾಲು ಓದಿ ಎದೆ ಧಸಕ್ ಅಂತು. "ಪಾರ್ಕಿಂಗ್ ಲೈಟಿನ ವೈರ್ ಸುಲಿದು ಅಲ್ಲಿಂದಲೇ ಲೈನ್ ಕೊಡ್ತೀನಿ, ಒಂದು ತಾಸಿನ ಕೆಲಸ ಅಂತ ಮಿಸ್ತ್ರಿ ಹೇಳ್ತಿದ್ದಾರೆ" ಅಂದಿದ್ದೀರಿ. ಅದೊಂದು ಬೇಡ.

ಆ ಮಿಸ್ತ್ರಿಯನ್ನ ಬೈಯೋಕೆ ನನಗೆ ಬಾಯಿಲ್ಲ, ಯಾಕಂದ್ರೆ ಅದೇ ಕೆಲಸ ನಾನೂ ಮಾಡಿದ್ದೀನಿ. ಇಲ್ಲಿ ಗಾಡಿ ವೈರಿಂಗ್ ಮಾಡ್ತಾ ಹದಿನೆಂಟು ವರ್ಷ ಆಯ್ತು. ಟ್ರ್ಯಾಕ್ಟರ್, ಟಂಟಂ, ಹಳೇ ಜೀಪ್, ಇವೇ ನನ್ನ ಶಾಲೆ. ಅವುಗಳಲ್ಲಿ ಎಲ್ಲಿ ಸುಲಿದು ಲೈನ್ ತಗೊಂಡ್ರೂ ಗಾಡಿ ತಕರಾರು ತೆಗೆಯೋಲ್ಲ. ಅದೇ ಧೈರ್ಯದಲ್ಲಿ ಒಮ್ಮೆ ಒಂದು ಜರ್ಮನ್ ಗಾಡಿಗೆ ಕೈ ಹಾಕಿದೆ. ಮುಂದೆ ಎರಡು ಹ್ಯಾಲೋಜನ್ ಲೈಟ್ ಬೇಕಿತ್ತು. ಪಾರ್ಕಿಂಗ್ ವೈರ್ ಸುಲಿದೆ, ರಿಲೇ, ಅಂದ್ರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್, ಇಲ್ಲದೆ ನೇರ ಜೋಡಿಸಿದೆ. ಹತ್ತಿ, ತಕ್ಷಣ ಆರಿತು. ಜೊತೆಗೆ ಗಾಡಿಯ ಸ್ವಂತ ಪಾರ್ಕಿಂಗ್ ಲೈಟೂ ಆರಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಗುರುತು. ಫ್ಯೂಸ್ ಒಂದೊಂದೇ ಕಿತ್ತು ನೋಡಿದೆ, ಒಂದೂ ಸುಟ್ಟಿಲ್ಲ. ಮಾಲೀಕರು ಪಕ್ಕದಲ್ಲೇ ನಿಂತಿದ್ದಾರೆ, ನನಗೆ ಬೆವರು.

ಆಮೇಲೆ ಗೊತ್ತಾಯ್ತು. ಈ ಗಾಡಿಗಳಲ್ಲಿ ಸ್ವಿಚ್ಚಿನಿಂದ ಬಲ್ಬಿಗೆ ಕರೆಂಟ್ ಹೋಗೋದೇ ಇಲ್ಲ. ಸ್ವಿಚ್ ಸುಮ್ನೆ ಸುದ್ದಿ ಮುಟ್ಟಿಸುತ್ತೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಡಬ್ಬಿಯೊಳಗಿನ ಟ್ರಾನ್ಸಿಸ್ಟರ್ ಬಲ್ಬಿಗೆ ಕರೆಂಟ್ ಬಿಡುತ್ತೆ. ಎಷ್ಟು ಹೋಗ್ತಿದೆ ಅಂತ ಅಳೀತಾನೂ ಇರುತ್ತೆ. 5 ವ್ಯಾಟ್ ಬಲ್ಬಿನ ದಾರಿಯಲ್ಲಿ 100 ವ್ಯಾಟ್ ಎಳೆದರೆ ಬಾಗಿಲು ಹಾಕಿಬಿಡುತ್ತೆ. ನನ್ನ ಪುಣ್ಯ, ಡಬ್ಬಿ ಸತ್ತಿರಲಿಲ್ಲ. ಆದರೆ ಸ್ಕ್ಯಾನರ್ ಹಾಕಿ ಎರರ್ ಅಳಿಸಿದ ಮೇಲೇ ಲೈಟ್ ಬಂದದ್ದು. ಗಾಡಿಯನ್ನ ಹೈದರಾಬಾದ್‌ವರೆಗೆ ಹೊತ್ತು ಹಾಕಿದ ಖರ್ಚು ನನ್ನದೇ.

ಅವತ್ತಿನಿಂದ ನಂದು ಒಂದೇ ಹಟ: ಹೊಸ ಸಾಮಾನಿಗೆ ಬ್ಯಾಟರಿಯಿಂದ ಹೊಸ ದಾರಿ. ಕಂಪನಿ ವೈರ್ ಕತ್ತರಿಸೋದಿಲ್ಲ, ಸುಲಿಯೋದಿಲ್ಲ.

ಬ್ಯಾಟರಿ ಡಿಕ್ಕಿಯಲ್ಲಿದೆ ಅಂದಿದ್ದೀರಿ. ಅಂಥ ಗಾಡಿಗಳಲ್ಲಿ ಜಂಪ್ ಸ್ಟಾರ್ಟ್‌ಗೆ ಅಂತ ಬಾನೆಟ್ ಕೆಳಗೆ ಪ್ಲಸ್ ಗುರುತಿನ ಒಂದು ಕಂಬ ಇರುತ್ತೆ, ಮೇಲೆ ಕೆಂಪು ಮುಚ್ಚಳ. ಲೈಟಿನ ಪ್ಲಸ್ ಅಲ್ಲಿಂದ ತಗೊಳ್ಳಿ. ಅಲ್ಲಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಬೇಕು. ಲೈಟಿನ ಹತ್ತಿರ ಫ್ಯೂಸ್ ಹಾಕೋರನ್ನ ತುಂಬಾ ನೋಡಿದ್ದೀನಿ. ಫ್ಯೂಸ್ ಕಾಯಬೇಕಾದದ್ದು ವೈರನ್ನ. ದಾರಿ ನಡುವೆ ವೈರ್ ಉಜ್ಜಿ ಬಾಡಿಗೆ ತಾಗಿತು ಅನ್ಕೊಳ್ಳಿ. ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ವೈರೇ ಹೀಟರ್ ಆಗುತ್ತೆ. ಲೈಟಿನ ಬುಡದ ಫ್ಯೂಸಿಗೆ ಆ ಸುದ್ದಿಯೇ ಮುಟ್ಟೋಲ್ಲ.

ಲೆಕ್ಕ ಸುಲಭ. ವ್ಯಾಟನ್ನ 12ರಿಂದ ಭಾಗಿಸಿ. 100 ವ್ಯಾಟಿನ ಎರಡು ಹ್ಯಾಲೋಜನ್ ಅಂದ್ರೆ ಸುಮಾರು 17 ಆಂಪಿಯರ್: ರಿಲೇ, 4 ಸ್ಕ್ವೇರ್ ಎಂಎಂ ವೈರ್, 20ರ ಹಳದಿ ಫ್ಯೂಸ್. ಎರಡೂ ಸೇರಿ 40 ವ್ಯಾಟಿನ ಎಲ್‌ಇಡಿ ಆದ್ರೆ ಮೂರೂವರೆ ಆಂಪಿಯರ್ ಸಾಕು. ನಾನಾಗಿದ್ರೆ ಎಲ್‌ಇಡಿನೇ ಹಾಕ್ತೀನಿ. ರಿಲೇ ಆಗಲೂ ಇರಲಿ. ಅದರ ಕಾಲುಗಳ ಮೇಲೆ ನಂಬರ್ ಇರುತ್ತೆ. 30ಕ್ಕೆ ಫ್ಯೂಸಿನಿಂದ ಬಂದ ಪ್ಲಸ್, 87ರಿಂದ ಲೈಟ್, 86ಕ್ಕೆ ಸ್ವಿಚ್ಚಿನ ಲೈನ್, 85 ಮೈನಸ್ಸಿಗೆ. ಸ್ವಿಚ್ಚಿನ ಲೈನ್ ಕೂಡ ಪಾರ್ಕಿಂಗ್ ವೈರಿಂದ ಬೇಡ. ಡಬ್ಬಿ ಆ ಬಲ್ಬಿಗೆ ಕರೆಂಟನ್ನ ಕ್ಷಣಕ್ಕೆ ನೂರಾರು ಸಲ ಬಿಟ್ಟು ಹಿಡಿದು ಕಳಿಸ್ತಿರಬಹುದು. ಆಗ ರಿಲೇ ಕಟಕಟ ಅಂತ ಜೀವ ಬಿಡುತ್ತೆ.

ಬಣ್ಣ ನಂಬಬೇಡಿ. ಕಪ್ಪು ಅಂದ್ರೆ ಅರ್ಥ್, ಅಂದ್ರೆ ಮೈನಸ್, ಅಂತ ನಾವೆಲ್ಲ ಉಸ್ತಾದರಿಂದ ಕಲಿತವರು. ಜರ್ಮನ್ ಗಾಡಿಯಲ್ಲಿ ಅರ್ಥ್ ಕಂದು. ಕಪ್ಪು ವೈರಿನಲ್ಲಿ ಇಗ್ನಿಷನ್ ಕರೆಂಟ್ ಇರಬಹುದು. ತಮಾಷೆ ಅಂದ್ರೆ, ಹಳೇ ಬ್ರಿಟಿಷ್ ಗಾಡಿಗಳಲ್ಲಿ ಅದೇ ಕಂದು ಬಣ್ಣಕ್ಕೆ ಬ್ಯಾಟರಿಯ ನೇರ ಪ್ಲಸ್! ಮೀಟರ್ ಹಿಡಿದು ನೋಡೋದೊಂದೇ ದಾರಿ. ಬಲ್ಬಿನ ಟೆಸ್ಟ್ ಲ್ಯಾಂಪ್ ಟೂಲ್ ಪೆಟ್ಟಿಗೆಯಲ್ಲೇ ಇರಲಿ. ಹಳದಿ ಕನೆಕ್ಟರ್, ವೈರಿನ ಮೇಲೆ ಹಳದಿ ಹೊದಿಕೆ ಕಂಡ್ರೆ ಅದು ಏರ್‌ಬ್ಯಾಗ್. ಮೀಟರ್ ಕೂಡ ಹತ್ತಿರ ಒಯ್ಯಬೇಡಿ.

ಇನ್ನು ಮೈನಸ್. ಬ್ಯಾಟರಿಯ ಮೈನಸ್ ಕಂಬದ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ತುಂಡು, ಅದಕ್ಕೆ ಸಣ್ಣ ಸಾಕೆಟ್ ಇದೆಯಾ ನೋಡಿ. ಅದು ಸೆನ್ಸರ್. ಬ್ಯಾಟರಿಗೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಲೆಕ್ಕ ಇಡುತ್ತೆ. ನಿಮ್ಮ ಫ್ರಿಜ್ಜಿನ ಮೈನಸ್ ನೇರ ಕಂಬಕ್ಕೆ ಕೊಟ್ರೆ ಆ ಕರೆಂಟ್ ಖಾತೆಗೇ ಬರೋಲ್ಲ. ಬ್ಯಾಟರಿ ತುಂಬಿದೆ ಅಂತ ಗಾಡಿ ಭ್ರಮೆಯಲ್ಲಿರುತ್ತೆ, ಒಂದು ಬೆಳಿಗ್ಗೆ ಸ್ಟಾರ್ಟ್ ಆಗೋಲ್ಲ. ಬಾಡಿಯ ಮೇಲೆ ಕಂಪನಿಯೇ ಕೊಟ್ಟಿರೋ ಅರ್ಥ್ ಬೋಲ್ಟಿಗೆ ಕಟ್ಟಿ.

ಡ್ಯಾಶ್‌ಕ್ಯಾಮ್‌ಗೆ ಇಷ್ಟೆಲ್ಲ ಬೇಡ, ಫ್ಯೂಸ್ ಟ್ಯಾಪ್ ಸಾಕು, ಅಂದ್ರೆ ಗಾಡಿಯ ಫ್ಯೂಸಿನ ಜಾಗದಲ್ಲೇ ಕೂತು ಇನ್ನೊಂದು ಲೈನ್ ಕೊಡೋ ತುಂಡು. ಆದರೆ ಇಲ್ಲಿ ಅಂಗಡಿಯಲ್ಲಿ ಸಿಗೋದು ಜಾಸ್ತಿ ದೊಡ್ಡ ಅಳತೆ. ಆಮದು ಗಾಡಿಯಲ್ಲಿ ಲೋ ಪ್ರೊಫೈಲ್ ಅಥವಾ ಮೈಕ್ರೋ 2 ಅನ್ನೋ ಸಣ್ಣ ಅಳತೆಯ ಫ್ಯೂಸ್ ಇರಬಹುದು. ಒಂದು ಫ್ಯೂಸ್ ಕಿತ್ತು ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಒತ್ತಿ ತುರುಕಬೇಡಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಫ್ಯೂಸ್ ಬಿಟ್ಟು ಬೇರೆಯದು ಆರಿಸಿ. ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ರೆ ವೈರ್ ಅದರ ಹಿಂದಿನಿಂದ ಹೋಗಬೇಕು, ಮುಂದಿನಿಂದ ಅಲ್ಲ. ಕ್ಯಾಮೆರಾ ಕೊಳ್ಳೋವಾಗ ಒಳಗೆ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರೋದನ್ನೇ ಕೇಳಿ. ನಮ್ಮ ಮೇ ತಿಂಗಳಲ್ಲಿ ನಿಲ್ಲಿಸಿದ ಗಾಡಿಯ ಗಾಜಿನ ಹಿಂದೆ ಲಿಥಿಯಂ ಬ್ಯಾಟರಿ ಊದಿಕೊಳ್ಳುತ್ತೆ. ಗಾಡಿ ನಿಂತಾಗಲೂ ಕ್ಯಾಮೆರಾ ಓಡಿಸೋ ಪಾರ್ಕಿಂಗ್ ಮೋಡ್ 0.3 ಆಂಪಿಯರ್ ತಿಂದ್ರೂ ದಿನಕ್ಕೆ 7 ಆಂಪಿಯರ್ ಅವರ್ ಖಾಲಿ. 60ರ ಬ್ಯಾಟರಿ ನಾಲ್ಕೈದು ದಿನಕ್ಕೆ ಅರ್ಧಕ್ಕಿಳಿಯುತ್ತೆ. ವೋಲ್ಟೇಜ್ ಇಳಿದ್ರೆ ತಾನೇ ಆಫ್ ಆಗೋ ಕಿಟ್ ಹಾಕಿಸಿ.

ಫ್ರಿಜ್ ನಾಲ್ಕೈದು ಆಂಪಿಯರ್ ಮಾತ್ರ. ಡಿಕ್ಕಿಯಲ್ಲಿ 12 ವೋಲ್ಟಿನ ಸಾಕೆಟ್ ಇದ್ರೆ ಅದಕ್ಕೇ ಚುಚ್ಚಿ, ವೈರಿಂಗೇ ಬೇಡ.

ಬಿಸಿಲಿನ ಮಾತು ಬಂದದ್ದಕ್ಕೆ ಇನ್ನೊಂದು. ಮನೆ ವೈರಿಂಗ್ ಅಂಗಡಿಯ ವೈರ್ ಬಾನೆಟ್ ಕೆಳಗೆ ಬೇಡ. ಅದರ ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಯ ಲೆಕ್ಕದ್ದು. 105 ಡಿಗ್ರಿಯ ಆಟೋ ವೈರ್ ಅಂತ ಕೇಳಿ ತನ್ನಿ. ಹೊಸೆದು ಟೇಪ್ ಸುತ್ತೋದಂತೂ ಕಲಬುರಗಿಯಲ್ಲಿ ಒಂದು ಬೇಸಿಗೆ ಬಾಳೋಲ್ಲ. ಬಿಚ್ಚಿ ನೋಡಿದ್ರೆ ಟೇಪ್ ಜಾರಿ ಬಾಲದ ಹಾಗೆ ನೇತಾಡ್ತಿರುತ್ತೆ, ಗೋಂದು ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತೆ, ಕೆಳಗೆ ತಾಮ್ರ ಬತ್ತಲೆ. ಸರಿಯಾದ ಇಕ್ಕಳದಲ್ಲಿ ಒತ್ತಿ ಜೋಡಿಸೋ ಕ್ರಿಂಪ್, ಅದರ ಮೇಲೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್, ಅಂದ್ರೆ ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ. ತಗಡಿನ ತೂತಿನಲ್ಲಿ ವೈರ್ ಹೋಗೋ ಕಡೆಯೆಲ್ಲ ರಬ್ಬರ್ ಗ್ರಾಮೆಟ್, ಅಂದ್ರೆ ತೂತಿನ ಅಂಚಿಗೆ ಕೂರೋ ರಬ್ಬರ್ ಬಳೆ.

ಬಿಲ್ ತಗೊಂಡು ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹೊರಗೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿಗೆ ಪಾಲಿಸಿಗೆ ಸೇರಿಸೋ ಐಎಂಟಿ 24 ಅನ್ನೋ ಎಂಡಾರ್ಸ್‌ಮೆಂಟ್ ಇದೆ, ಸ್ವಲ್ಪ ಜಾಸ್ತಿ ಪ್ರೀಮಿಯಂ ಬೀಳುತ್ತೆ.

ಕೆಲಸ ಮುಗಿದ ದಿನ ದುಡ್ಡು ಕೊಡೋ ಮೊದಲು ಎಂಜಿನ್ ಚಾಲೂ ಇಟ್ಟು ಲೈಟ್ ಅರ್ಧ ತಾಸು ಉರಿಸಿ. ಆಮೇಲೆ ಗಾಡಿ ಆಫ್ ಮಾಡಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ. ಬೆರಳು ಇಡೋಕಾಗದಷ್ಟು ಸುಡ್ತಿದ್ರೆ ಕ್ರಿಂಪ್ ಸಡಿಲ ಇದೆ, ಅಲ್ಲೇ ನಿಂತು ಮತ್ತೆ ಮಾಡಿಸಿ.